ಇಳಿಸು ಎನ್ನುವವಳು

ಅಡುಗೆ ಮಾಡಿದವಳು ರುಚಿ ನೋಡಬಾರದು. ಆ ಊಟದ ಮನೆಯಲ್ಲಿ ಗೋಡೆಗೆ ಬರೆದು ಅಂಟಿಸದಿದ್ದರೂ ಎಲ್ಲರಿಗೂ ಗೊತ್ತಿದ್ದ ಕಾನೂನು ಇದೊಂದೇ. ಕಾನೂನು ಮಾಡಿದವಳು ಅಕ್ಕ, ಪಾಲಿಸಿದವಳು ತಂಗಿ. ಗಿರಾಕಿಗಳ ಬಾಯಲ್ಲಿ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಹಾಗೆ ಕರೆಯಲು ಸ್ವಂತದ್ದೊಂದು ಮಗು ಇಬ್ಬರ ಕಡೆಯೂ ಇರಲಿಲ್ಲ. ಪಕ್ಕದ ಪಂಚರ್ ಅಂಗಡಿಯವನು ಗಡ್ಡವೆಲ್ಲ ನರೆತು ಚಿಕ್ಕಮ್ಮನಿಗಿಂತ ದೊಡ್ಡವನಂತೆ ಕಾಣುತ್ತಿದ್ದ, ಅವನೂ ನಾಚಿಕೆಯಿಲ್ಲದೆ ಚಿಕ್ಕಮ್ಮಾ ಎಂದೇ ಕೂಗುತ್ತಿದ್ದ. ಅವಳೂ ಓಗೊಡುತ್ತಿದ್ದಳು. ಕರೆಯುವವರು ಇದ್ದಾರಲ್ಲ ಎಂಬುದೇ ಅವಳಿಗೆ ದೊಡ್ಡದಾಗಿತ್ತು.

ಈ ಕಾನೂನು ಹುಟ್ಟಿದ್ದು ಇಬ್ಬರೂ ಚಿಕ್ಕವರಿದ್ದಾಗ. ತಾಯಿ ಬೇಗ ಹೋದಳು. ಒಲೆ ಅಕ್ಕನ ಪಾಲಿಗೆ ಬಂತು, ಅಕ್ಕನ ಪಾಲಿಗೆ ತಂಗಿಯೂ ಬಂದಳು. ಅಕ್ಕನ ಕೈ ಒರಟು. ಈರುಳ್ಳಿ ಹೆಚ್ಚಿದರೆ ಸೌದೆ ಸೀಳಿದಂತಿರುತ್ತಿತ್ತು. ತಂಗಿಯ ಕೈ ಹಾಗಲ್ಲ, ಮುಟ್ಟಿದ್ದೆಲ್ಲ ಹದಕ್ಕೆ ಬರುತ್ತಿತ್ತು. ಆದರೆ ಅವಳು ರುಚಿ ನೋಡುತ್ತೇನೆಂದು ಸೌಟು ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಕೇಳಿದರೆ, ಚೆನ್ನಾಗಿತ್ತು ಅಕ್ಕ, ಎಂಬ ಉತ್ತರ.

"ನಿನ್ನ ನಾಲಿಗೆಗೆ ಎಲ್ಲಾನೂ ಚೆನ್ನಾಗಿರತ್ತೆ ಕಣೇ," ಎಂದು ಅಕ್ಕ ಸೌಟು ಕಿತ್ತುಕೊಂಡಳು. "ಇನ್ಮೇಲೆ ಮಾಡೋದು ನೀನು, ನೋಡೋದು ನಾನು."

ಅಂದಿನಿಂದ ಕೈ ತಂಗಿಯದು, ನಾಲಿಗೆ ಅಕ್ಕನದು. ಮಕ್ಕಳಾಟದಲ್ಲಿ ಶುರುವಾದದ್ದು ಹಾಗೇ ಗಟ್ಟಿಯಾಗಿಬಿಟ್ಟಿತು. ತಂಗಿಗೆ ತನ್ನ ನಾಲಿಗೆಯ ಮೇಲೆ ನಂಬಿಕೆ ಹೋಯಿತು, ಅದು ಹೋದದ್ದು ಗೊತ್ತೂ ಆಗಲಿಲ್ಲ.

ಗೊತ್ತಾದದ್ದು ಮದುವೆಯಾದ ಮೇಲೆ. ಗಂಡನ ಮನೆಯಲ್ಲಿ ರುಚಿ ನೋಡಿ ಹೇಳುವವರು ಯಾರೂ ಇರಲಿಲ್ಲ, ತಿಂದು ಬೈಯುವವನು ಒಬ್ಬನಿದ್ದ. ಅವನು ತಟ್ಟೆ ತಳ್ಳುವುದಕ್ಕೆ ಕಾರಣ ಬೇಕಿರಲಿಲ್ಲ. ಒಂದು ದಿನ ಉಪ್ಪು ಕಡಿಮೆ, ಮರುದಿನ ಖಾರ ಜಾಸ್ತಿ, ಅದರ ಮರುದಿನ ಅವಳ ಮುಖವೇ ಸರಿಯಿಲ್ಲ. ಉಪ್ಪಿನ ಡಬ್ಬಿ ತೆರೆದು, ಎಷ್ಟು ಹಾಕಬೇಕೆಂದು ತಿಳಿಯದೆ ಮತ್ತೆ ಮುಚ್ಚುವ ಸ್ಥಿತಿಗೆ ಬಂದಳು. ಕೊನೆಗೆ ಅವನು ಬೇರೊಬ್ಬಳ ಅಡುಗೆ ಹುಡುಕಿಕೊಂಡು ಹೋದ. ಹಾಳಾಗಿ ಹೋಗಲಿ, ಅವನ ಮಾತು ಇಲ್ಲಿ ಇಷ್ಟು ಸಾಕು.

ಅವಳು ಒಂದು ಬಟ್ಟೆಯ ಚೀಲ ಹಿಡಿದು ಅಕ್ಕನ ಬಾಗಿಲಿಗೆ ಬಂದಳು. ಅಕ್ಕ ಏನಾಯಿತೆಂದು ಕೇಳಲಿಲ್ಲ, ಅಳಬೇಡ ಎನ್ನಲಿಲ್ಲ. ಚೀಲ ಇಸಿದುಕೊಂಡು ಮೂಲೆಗಿಟ್ಟು, ಒಲೆ ಹಚ್ಚಿ, ಸೌಟನ್ನು ತಂಗಿಯ ಕೈಗೆ ಕೊಟ್ಟು, ತಾನು ಬಾಗಿಲ ಹತ್ತಿರ ಹೋಗಿ ನಿಂತಳು. ತಂಗಿ ಮೂಗೊರೆಸುತ್ತ ಏನೋ ಒಂದು ಸಾರು ಕುದಿಸಿದಳು. ಅಕ್ಕ ಬಾಯಿ ಮುಕ್ಕಳಿಸಿ ಬಂದು, ಕಣ್ಣು ಮುಚ್ಚಿ ಒಂದು ಚಮಚ ಬಾಯಿಗಿಟ್ಟು, "ಇಳಿಸು," ಎಂದಳು. ಅಷ್ಟೇ. ಚಿಕ್ಕಮ್ಮ ಪಾತ್ರೆ ಇಳಿಸಿ ಅಲ್ಲೇ ಕುಸಿದು ಕೂತು ಮನಸಾರೆ ಅತ್ತಳು. ಆ ಒಂದು ಮಾತು ಅವಳ ಪಾಲಿಗೆ ಒಪ್ಪಿಗೆ, ಮಾಫಿ, ಮನೆ ಎಲ್ಲವೂ ಆಗಿತ್ತು.

ಆಮೇಲೆ ಇಬ್ಬರೂ ಸೇರಿ ಆ ಕಿರಿದಾದ ಬೀದಿಯಲ್ಲಿ ಊಟದ ಮನೆ ತೆರೆದರು. ಒಂದು ಕಡೆ ಪಂಚರ್ ಅಂಗಡಿ, ಇನ್ನೊಂದು ಕಡೆ ಬೀಗದ ಕೈ ಮಾಡುವವನು, ಮೇಲೆ ಹಲ್ಲಿನ ಡಾಕ್ಟರು. ಮುಂದೆ ಉದ್ದನೆಯ ಮೇಜುಗಳು, ಹಿಂದೆ ಅಡುಗೆಮನೆ, ನಡುವೆ ಸೊಂಟದೆತ್ತರದ ಬಾಗಿಲು. ಆ ಬಾಗಿಲ ಪಕ್ಕದಲ್ಲಿ ಎತ್ತರದ ಸ್ಟೂಲು ಹಾಕಿಕೊಂಡು ದೊಡ್ಡಮ್ಮ ಕೂರುತ್ತಿದ್ದಳು. ಏಪ್ರನ್ ಜೇಬಿನಲ್ಲಿ ಉದ್ದ ಹಿಡಿಯ ಸ್ಟೀಲ್ ಚಮಚ, ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಪಾತ್ರೆ ಸಿದ್ಧವಾದಾಗ ಚಿಕ್ಕಮ್ಮ ಒಂದು ಬಟ್ಟಲಲ್ಲಿ ತಂದು ಹಿಡಿಯುತ್ತಿದ್ದಳು. ಸರಿಯಿಲ್ಲದಿದ್ದರೆ "ಉಪ್ಪು" ಅಥವಾ "ಹುಳಿ" ಎಂದು ಒಂದೇ ಪದ. ಸರಿಯಿದ್ದರೆ "ಇಳಿಸು." ನಮ್ಮಕ್ಕ ಹೊಗಳಿದ್ದನ್ನ ಕೇಳೋರು ಇನ್ನೂ ಹುಟ್ಟಬೇಕು ಎಂದು ಚಿಕ್ಕಮ್ಮ ಗಿರಾಕಿಗಳ ಮುಂದೆ ನಗುತ್ತಿದ್ದಳು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡುವುದಕ್ಕೂ ದೊಡ್ಡಮ್ಮ ಬಿಡುತ್ತಿರಲಿಲ್ಲ. ನಾನು ನೋಡಿ ಕಳಿಸಿದ ಮೇಲೆ ಇವರದ್ದೇನು ತಕರಾರು ಎಂಬುದು ಅವಳ ಜಂಬ.

ಶನಿವಾರದ ಅಡುಗೆ ಮಾತ್ರ ಬೇರೆ. ಅದನ್ನು ಕಲಿಸಿದವಳು ಹಿಂದೆ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಹಡಗಿನವನ ಹೆಂಡತಿ. ಅವಳದ್ದು ಎಲ್ಲೋ ಮರಳುಗಾಡಿನ ಕಡೆಯ ಊರು, ಭಾಷೆ ಅರ್ಧಂಬರ್ಧ, ನಗು ಮಾತ್ರ ಪೂರ್ತಿ. ಮಸಾಲೆ ಕೋಳಿ, ಜೊತೆಗೆ ಹಣ್ಣು ಬೆರೆಸಿದ ಕುಸ್ಕುಸ್. ಕುಸ್ಕುಸ್ ಎಂದರೆ ಗೋಧಿರವೆಯನ್ನೇ ಸಣ್ಣ ಸಣ್ಣ ಕಾಳಾಗಿ ಹೊಸೆದದ್ದು. ಮೊದಲ ಸಲ ಆ ಪೊಟ್ಟಣ ಬಿಚ್ಚಿದಾಗ ದೊಡ್ಡಮ್ಮ, "ಇದನ್ನ ಗುಬ್ಬಿಗೆ ಹಾಕೋದಾ, ಮನುಷ್ಯರಿಗಾ?" ಎಂದಿದ್ದಳು. ತಿಂದ ಮೇಲೆ ಬಾಯಿ ಮುಚ್ಚಿಕೊಂಡಳು.

ಕೋಳಿಯ ತುಂಡುಗಳಿಗೆ ಹುರಿದು ಪುಡಿ ಮಾಡಿದ ಜೀರಿಗೆ, ಕೊತ್ತಂಬರಿ ಬೀಜ, ಚಕ್ಕೆ, ಒಣಶುಂಠಿ, ಅಚ್ಚಖಾರ, ನಿಂಬೆರಸ ಸವರಿ ಬೆಳಗಿನಿಂದಲೇ ಇಡಬೇಕು. ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಬಾಡಿಸಿ, ಈರುಳ್ಳಿಯ ಮೇಲೆ ಮಲಗಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಕುಸ್ಕುಸ್‌ಗೆ ಬೇಯುವ ಗೋಜೇ ಇಲ್ಲ. ಕುದಿಯುವ ನೀರು ಸುರಿದು ಮುಚ್ಚಿಟ್ಟರೆ ತಾನೇ ಅರಳುತ್ತದೆ. ಆಮೇಲೆ ಮುಳ್ಳುಚಮಚದಿಂದ ಬಿಡಿಬಿಡಿ ಮಾಡಿ, ಒಣದ್ರಾಕ್ಷಿ, ಹೆಚ್ಚಿದ ಏಪ್ರಿಕಾಟ್, ಕಿತ್ತಳೆಯ ತೊಳೆ, ದಾಳಿಂಬೆ, ಹುರಿದ ಬಾದಾಮಿ, ಒಂದಿಷ್ಟು ಪುದೀನ. ಒಂದೇ ಒಂದು ವಿಷಯ ಮರೆಯುವಂತಿಲ್ಲ. ಉಪ್ಪನ್ನು ಆ ನೀರಿಗೇ ಹಾಕಬೇಕು. ಕಾಳು ಅರಳಿದ ಮೇಲೆ ಎಷ್ಟು ಉದುರಿಸಿದರೂ ಉಪ್ಪು ಬೇರೆ, ಕುಸ್ಕುಸ್ ಬೇರೆ. ಕುಸ್ಕುಸ್ ಒಲೆಯ ಮೇಲೆ ಇರುವುದೇ ಇಲ್ಲ, ಆದರೂ ದೊಡ್ಡಮ್ಮ ಅದಕ್ಕೂ "ಇಳಿಸು" ಎಂದೇ ಹೇಳುತ್ತಿದ್ದಳು. ಎಲ್ಲಿಂದ ಇಳಿಸಲಿ ಎಂದು ಕೇಳುವ ಧೈರ್ಯ ಯಾರಿಗಿತ್ತು.

ಹೀಗಿರುವಾಗ ದೊಡ್ಡಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಸ್ಪತ್ರೆ, ಪರೀಕ್ಷೆ, ಆಮೇಲೆ ರೇಡಿಯೇಷನ್. ಊಟದ ಮನೆಗೆ ಬೀಗ ಬಿತ್ತು. ಚಿಕಿತ್ಸೆ ಶುರುವಾದಾಗಲೇ ಡಾಕ್ಟರಮ್ಮ ಹೇಳಿದ್ದರು: "ಬಾಯಿ ಒಣಗುತ್ತೆ, ರುಚಿ ಗೊತ್ತಾಗಲ್ಲ. ಆಮೇಲೆ ವಾಪಸ್ ಬರಬಹುದು. ಬರದೇನೂ ಇರಬಹುದು."

ಚಿಕ್ಕಮ್ಮನಿಗೆ ಕೇಳಿಸಿದ್ದು ಬರಬಹುದು ಎಂಬ ಮೊದಲ ಅರ್ಧ ಮಾತ್ರ. ಮನೆಗೆ ಬಂದ ಮೇಲೆ ದಿನವೂ ಒಂದೇ ಪ್ರಶ್ನೆ, ಬಂತಾ ಅಕ್ಕ? ಇಲ್ಲ ಕಣೇ. ಇವತ್ತು ಬಂತಾ? ಇಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ತಾನಾಗಿಯೇ ಏಪ್ರನ್ ಕಟ್ಟಿಕೊಂಡು, ಚಮಚ ಜೇಬಿಗಿಳಿಸಿ, "ಬಂದಿದೆ. ಬೀಗ ತೆಗಿ," ಎಂದಳು. ಚಿಕ್ಕಮ್ಮನ ಸಂತೋಷ ಹೇಳತೀರದು. ಪಂಚರ್ ಅಂಗಡಿಯವನಿಗೆ, ಬೀಗದವನಿಗೆ, ಕಂಡ ಕಂಡವರಿಗೆಲ್ಲ ಅಕ್ಕನ ನಾಲಿಗೆ ಬಂದ ಸುದ್ದಿ ಹೇಳಿಕೊಂಡು ಬಂದಳು.

ಅಂದಿನಿಂದ ಯಾವ ಪಾತ್ರೆ ಹಿಡಿದರೂ ದೊಡ್ಡಮ್ಮ ಇಳಿಸು ಎಂದಳು. ಒಂದು ಸಲವೂ ಉಪ್ಪು ಎನ್ನಲಿಲ್ಲ, ಹುಳಿ ಎನ್ನಲಿಲ್ಲ. ಬೇರೆಯವರಾಗಿದ್ದರೆ ಅನುಮಾನಪಡುತ್ತಿದ್ದರು. ಚಿಕ್ಕಮ್ಮ ಹಿಗ್ಗಿದಳು. ಇಷ್ಟು ವರ್ಷಕ್ಕೆ ನನ್ನ ಕೈ ಪೂರ್ತಿ ಪಳಗಿತು ನೋಡು ಎಂದು ಒಳಗೊಳಗೇ ಬೀಗಿ, ಒಲೆಯ ಮುಂದೆ ಗುನುಗುತ್ತ ಅಡುಗೆ ಮಾಡತೊಡಗಿದಳು. ಆ ಹಿಗ್ಗನ್ನು ನೆನೆಸಿಕೊಂಡರೆ ಆಮೇಲೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

ಒಂದು ಶನಿವಾರ ಕುಸ್ಕುಸ್‌ಗೆ ನೀರು ಕುದಿಯುತ್ತಿದ್ದಾಗ ಗ್ಯಾಸಿನವನು ಬಂದು ಹಿಂದಿನ ಬಾಗಿಲು ಬಡಿದ. ಉಪ್ಪಿಗೆಂದು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದು, ಹೋಗಿ ಬಾಗಿಲು ತೆಗೆದು, ಸಿಲಿಂಡರ್ ಒಳಗಿಡಿಸಿ, ಅವನು ಹೊಸ್ತಿಲಿಗೆ ಮೆತ್ತಿದ ಕೆಸರಿಗೆ ಎರಡು ಮಾತು ಬೈದು ಬಂದವಳು ನೀರನ್ನು ನೇರ ಕುಸ್ಕುಸ್ ಮೇಲೆ ಸುರಿದು ಮುಚ್ಚಿಬಿಟ್ಟಳು. ಹಣ್ಣು ಬೆರೆಸಿ ಬಟ್ಟಲು ಹಿಡಿದಾಗ ದೊಡ್ಡಮ್ಮ ಬಾಯಿ ಮುಕ್ಕಳಿಸಿದಳು, ಕಣ್ಣು ಮುಚ್ಚಿದಳು, ಚಮಚ ಬಾಯಿಗಿಟ್ಟಳು.

"ಇಳಿಸು."

ಮೇಜುಗಳಿಗೆ ಬಡಿಸಿಯಾಯಿತು. ಪಂಚರ್ ಅಂಗಡಿಯವನು ಒಂದು ತುತ್ತು ತಿಂದ, ಇನ್ನೊಂದು ತಿಂದ, ಆಮೇಲೆ ಮೆಲ್ಲಗೆ, "ಚಿಕ್ಕಮ್ಮಾ, ಒಂಚೂರು ಉಪ್ಪು ಸಿಗತ್ತಾ?" ಎಂದ. ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವಳು ತಮಾಷೆಯೆಂದುಕೊಂಡು ಡಬ್ಬಿ ತಂದಿಟ್ಟಳು. ಪಕ್ಕದವನು ಅದಕ್ಕೆ ಕೈ ಚಾಚಿದ. ಹಲ್ಲಿನ ಡಾಕ್ಟರು ತಲೆ ತಗ್ಗಿಸಿಕೊಂಡೇ ಡಬ್ಬಿಯನ್ನು ತಮ್ಮ ಕಡೆಗೆಳೆದುಕೊಂಡರು. ಡಬ್ಬಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ಚಿಕ್ಕಮ್ಮನಿಗೆ ಗ್ಯಾಸಿನವನು ನೆನಪಾದ, ಹಿಂದಕ್ಕೆಳೆದ ಕೈ ನೆನಪಾಯಿತು, ಆಮೇಲೆ ಅಕ್ಕನ ಇಳಿಸು ನೆನಪಾಯಿತು. ತಿರುಗಿ ನೋಡಿದರೆ ದೊಡ್ಡಮ್ಮ ಸ್ಟೂಲಿನ ಮೇಲಿಂದ ಆ ಡಬ್ಬಿ ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದಳು.

ಏನಾದರೂ ಹೇಳಲೇಬೇಕಿತ್ತು. "ಪಾತ್ರೆ ಅದಲುಬದಲಾಯ್ತು ಅಕ್ಕ," ಎಂದಳು ಚಿಕ್ಕಮ್ಮ. "ಬಿ.ಪಿ. ಇರೋರಿಗೆ ಅಂತ ಸಪ್ಪೆದು ಬೇರೆ ತೆಗೆದಿಟ್ಟಿದ್ದೆ. ಅದನ್ನೇ ಬಡಿಸಿಬಿಟ್ಟೆ. ನೀನು ನೋಡಿದ್ದು ಬೇರೆ."

"ಹೌದಾ," ಎಂದಳು ದೊಡ್ಡಮ್ಮ. "ನೋಡಿಕೊಂಡು ಮಾಡು."

ಆ ಮನೆಯಲ್ಲಿ ಬಿ.ಪಿ.ಯವರಿಗೆಂದು ಯಾವತ್ತೂ ಬೇರೆ ಪಾತ್ರೆ ಇಟ್ಟಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅವತ್ತಿನಿಂದ ಚಿಕ್ಕಮ್ಮ ಕಳ್ಳಿಯಾದಳು. ಅಡುಗೆ ಮುಗಿಯುತ್ತ ಬಂದಂತೆ ಸೌಟಿನಲ್ಲಿ ಒಂದಿಷ್ಟು ತೆಗೆದುಕೊಂಡು ಹಿಂದಿನ ಬಾಗಿಲಾಚೆ, ಖಾಲಿ ಸಿಲಿಂಡರುಗಳ ಮರೆಯಲ್ಲಿ ನಿಂತು ರುಚಿ ನೋಡುತ್ತಿದ್ದಳು. ಮೊದಮೊದಲು ಗಂಡ ತಟ್ಟೆ ತಳ್ಳಿದ ಸದ್ದು ಕಿವಿಗೆ ಬರುತ್ತಿತ್ತು. ಬರಬರುತ್ತ ನಾಲಿಗೆ ತಾನಾಗಿ ಮಾತಾಡಿತು. ಇಲ್ಲಿ ಉಪ್ಪು ಬೇಕು, ಇಲ್ಲಿ ನಿಂಬೆ ಸಾಕು, ಶುಂಠಿ ಮುಂದಾಗಿದೆ. ಒಂದೂ ತಪ್ಪಲಿಲ್ಲ. ನೋಡಿದರೆ ಅವಳ ನಾಲಿಗೆಗೆ ಮೊದಲಿನಿಂದಲೂ ಏನೂ ಆಗಿರಲಿಲ್ಲ. ಬೇರೆಯವರಾದರೆ ಕುಣಿದಾಡುತ್ತಿದ್ದರು. ಅವಳಿಗೆ ಮಾತ್ರ ಅಕ್ಕನ ಒಡವೆಯನ್ನು ಅಕ್ಕ ಬದುಕಿರುವಾಗಲೇ ಹಾಕಿಕೊಂಡಂತೆ ಅಸಹ್ಯವಾಯಿತು.

ಬಾಯೊರೆಸಿಕೊಂಡು ಒಳಗೆ ಬಂದು, ಏನೂ ಅರಿಯದವಳಂತೆ ಬಟ್ಟಲು ಹಿಡಿಯುತ್ತಿದ್ದಳು. ಡಬ್ಬಿಯ ಘಟನೆಯ ನಂತರ ದೊಡ್ಡಮ್ಮನೂ ಹುಷಾರಾಗಿದ್ದಳು. ಆಗಾಗ ಕಣ್ಣು ಮುಚ್ಚಿ, ಅಂದಾಜಿಗೆ, "ಉಪ್ಪು," ಎನ್ನುವಳು. ಸರಿಯಾಗಿರುವ ಪಾತ್ರೆಗೆ ಇನ್ನು ಉಪ್ಪು ಹಾಕುವುದು ಹೇಗೆ? ಚಿಕ್ಕಮ್ಮ ಅಕ್ಕನಿಗೆ ಬೆನ್ನು ಮಾಡಿ ನಿಂತು, ಉಪ್ಪಿನ ಡಬ್ಬಿಯ ಮುಚ್ಚಳ ಸದ್ದಾಗುವಂತೆ ತೆಗೆದು, ಬರಿ ಬೆರಳುಗಳನ್ನು ಪಾತ್ರೆಯ ಮೇಲೆ ಉಜ್ಜಿ, ಸೌಟಾಡಿಸಿ, ಅದೇ ಅಡುಗೆಯನ್ನು ಮತ್ತೆ ತಂದು ಹಿಡಿಯುವಳು. "ಈಗ ಸರಿಯಾಯ್ತು, ಇಳಿಸು," ಎನ್ನುವಳು ದೊಡ್ಡಮ್ಮ. ಯಾರಾದರೂ ನೋಡಿದ್ದರೆ ನಗುತ್ತಿದ್ದರೇನೋ. ಅವಳು ಮಾತ್ರ ಆ ಬರಿ ಚಿಟಿಕೆ ಉಜ್ಜುವಾಗ ಒಮ್ಮೆಯೂ ನಗಲಿಲ್ಲ. ನಾಲಿಗೆ ಹೋಯಿತೆಂದು ಒಪ್ಪಿಕೊಂಡ ದಿನ ಅಕ್ಕ ಸ್ಟೂಲಿನಿಂದ ಇಳಿಯುತ್ತಾಳೆ, ಇಳಿದರೆ ಮಲಗುತ್ತಾಳೆ, ಮಲಗಿದರೆ ಮತ್ತೆ ಏಳುವುದಿಲ್ಲ ಎಂಬ ಭಯ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕಾಗಿ ಎಷ್ಟು ಸುಳ್ಳು ಬೇಕಾದರೂ ಆಡಲು ತಯಾರಿದ್ದಳು.

ಗಂಟು ಮತ್ತೆ ಬಂತು. ಈ ಸಲ ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು ಮಾತಾಡಿದರು. ಇನ್ನು ಮಾಡುವುದೇನೂ ಇಲ್ಲ, ನೋವಿಗೆ ಮಾತ್ರೆ ಕೊಡುತ್ತೇವೆ ಎಂದರು. ಆಟೋ ಮನೆಯ ಹತ್ತಿರ ಬಂದಾಗ ದೊಡ್ಡಮ್ಮ, "ಶನಿವಾರಕ್ಕೆ ದಾಳಿಂಬೆ ತಂದಿದ್ದೀಯೇನೇ?" ಎಂದು ಕೇಳಿದಳು.

ಆ ಶನಿವಾರ ಅವಳು ಸ್ಟೂಲಿನ ಮೇಲೆ ಕೂರದೆ ನೇರ ಅಡುಗೆಮನೆಗೆ ಬಂದಳು. ಬಂದವಳು ಚಮಚವನ್ನು ತಂಗಿಯ ಮುಂದೆ ಹಿಡಿದಳು.

"ಇವತ್ತು ನಾನು ಮಾಡ್ತೀನಿ. ನೀನು ಹೊರಗೆ ಕೂತ್ಕೋ. ಕರೆದಾಗ ಬಂದು ನೋಡು."

"ನಿನ್ನ ಕೈಲಿ ಆಗತ್ತಾ ಅಕ್ಕ?"

"ಕುಸ್ಕುಸ್ ಒಂದೇ ಕಣೇ. ನೀರು ಸುರಿದು ಮುಚ್ಚೋದಕ್ಕೆ ನಿನ್ನ ಕೈಗುಣ ಬೇಕಾ?"

ಚಿಕ್ಕಮ್ಮ ಮೊದಲ ಸಲ ಆ ಸ್ಟೂಲಿನ ಮೇಲೆ ಕೂತಳು. ಒಳಗೆ ಮುಚ್ಚಳದ ಸದ್ದು, ನೀರಿನ ಸದ್ದು, ನಡುನಡುವೆ ಅಕ್ಕ ಉಸಿರಿಗಾಗಿ ನಿಲ್ಲುವ ಸದ್ದು. ಎದ್ದು ಹೋಗಿ ಕೈ ಹಿಡಿಯೋಣವೆನಿಸಿದರೂ ಅಕ್ಕನ ಹಟ ಗೊತ್ತಿದ್ದರಿಂದ ಕೂತೇ ಇದ್ದಳು. ಕೊನೆಗೆ ದೊಡ್ಡಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಬಟ್ಟಲು ತಂದಳು. ಕಿತ್ತಳೆಯ ತೊಳೆಗಳು ಹರಿದುಹೋಗಿದ್ದವು, ಏಪ್ರಿಕಾಟ್ ಸೌದೆ ಸೀಳಿದಂತೆಯೇ ಇತ್ತು. ಚಿಕ್ಕಮ್ಮ ಅಕ್ಕನ ಹಾಗೇ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಬಾಯಿಗಿಟ್ಟಳು.

ಉಪ್ಪಿರಲಿಲ್ಲ. ಒಂದು ಹರಳೂ ಇರಲಿಲ್ಲ. ಬರಿ ದ್ರಾಕ್ಷಿಯ ಸಿಹಿ ಮುಂದೆ ಬಂದು, ಹಿಂದಿನಿಂದ ಹಿಟ್ಟಿನ ಸಪ್ಪೆ. ಕಣ್ಣು ತೆರೆದರೆ ಎದುರಿಗೆ ಅಕ್ಕ ಗೋಡೆಗೊರಗಿ, ಬೆವರಿ, ಅವಳ ಮುಖವನ್ನೇ ನೋಡುತ್ತಿದ್ದಳು.

"ಇಳಿಸು," ಎಂದಳು ಚಿಕ್ಕಮ್ಮ.

"ಉಪ್ಪು ಹಾಕಿಲ್ಲ ಕಣೇ ನಾನು," ಎಂದಳು ದೊಡ್ಡಮ್ಮ. "ಬೇಕು ಅಂತಲೇ ಹಾಕಿಲ್ಲ."

ಚಿಕ್ಕಮ್ಮ ಚಮಚವನ್ನು ಬಟ್ಟಲಿಗಿಟ್ಟಳು. "ನಿಂಗೆ ಗೊತ್ತಿತ್ತಾ?"

"ಉಪ್ಪಿನ ಡಬ್ಬಿ ಊರೆಲ್ಲ ತಿರುಗಿದ್ದು ನನ್ನ ಕಣ್ಣೆದುರಿಗೇ ಅಲ್ವಾ? ಹೋಗಿರೋದು ನಾಲಿಗೆ. ಕಣ್ಣಿಗೇನಾಗಿದೆ? ಹಿಂದ್ಗಡೆ ಸಿಲಿಂಡರ್ ಹತ್ರ ನಿಂತು ನೆಕ್ಕೋಳು ಯಾರು ಅಂತಾನೂ ಗೊತ್ತು."

"ಮತ್ಯಾಕೆ ಇಷ್ಟು ದಿನ ಸುಮ್ನಿದ್ದೆ ಅಕ್ಕ?"

"ನಾನು ನಾಲಿಗೆ ಇಲ್ಲ ಅಂತ ಮೂಲೆ ಸೇರಿದ್ರೆ ನೀನು ಒಲೆ ಹಚ್ತಿದ್ಯಾ?" ದೊಡ್ಡಮ್ಮ ನಿಧಾನವಾಗಿ ಬಂದು ತಂಗಿಯ ಹೆಗಲು ಹಿಡಿದು ನಿಂತಳು. "ಅವನ ಮನೆಯಿಂದ ಬಂದಾಗ ನೀನು ಹೇಗಿದ್ದೆ ಅಂತ ನಾನು ಮರೆತಿಲ್ಲ. ಸ್ವಲ್ಪ ದಿನ ಹೋಗಲಿ, ನಿನ್ನ ನಾಲಿಗೆ ನಿಂಗೇ ಸಿಗಲಿ ಅಂತ ಕೂತಿದ್ದೆ. ಸಿಕ್ಕಿತಲ್ಲ. ಆದ್ರೆ ಸುಳ್ಳು ಹೇಳತ್ತೆ. ನಾನು ಹೋದಮೇಲೆ ಸುಳ್ಳು ಹೇಳೋ ನಾಲಿಗೆ ಇಟ್ಕೊಂಡು ಏನ್ ಮಾಡ್ತೀಯಾ? ಇನ್ನೊಂದ್ ಸಲ ನೋಡಿ ಹೇಳು."

ಚಿಕ್ಕಮ್ಮ ಇನ್ನೊಂದು ಚಮಚ ಬಾಯಿಗಿಟ್ಟಳು. ಈ ಸಲ ಕಣ್ಣೀರೂ ಬಾಯಿಗೆ ಬಂದು ಉಪ್ಪಿದೆಯೋ ಇಲ್ಲವೋ ತಿಳಿಯದಂತಾಯಿತು.

"ಉಪ್ಪಿಲ್ಲ," ಎಂದಳು.

"ಹಾಂ. ಹಾಗೆ ಹೇಳ್ಬೇಕು," ಎಂದಳು ದೊಡ್ಡಮ್ಮ. ಚಮಚವನ್ನು ಅವಳು ಮತ್ತೆ ಇಸಿದುಕೊಳ್ಳಲಿಲ್ಲ.

ಅದಾದ ಮೇಲೆ ದೊಡ್ಡಮ್ಮ ಹೆಚ್ಚು ದಿನ ಇರಲಿಲ್ಲ. ಕೊನೆಕೊನೆಗೆ ನೀರೂ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ, ಬೀದಿಯಲ್ಲಿ ಪಂಚರ್ ಅಂಗಡಿಯವನು ಚಕ್ರ ಬಡಿಯುತ್ತಿದ್ದಾಗ, ತಂಗಿಯ ಕೈ ಹಿಡಿದುಕೊಂಡೇ ಹೋದಳು. ಅವನು ಸದ್ದು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಾಗ ಚಿಕ್ಕಮ್ಮನಿಗೆ ವಿಷಯ ಇನ್ನೊಬ್ಬರಿಗೂ ಗೊತ್ತಾಯಿತಲ್ಲ, ಇನ್ನು ಇದು ನಿಜವೇ ಸರಿ ಎನ್ನಿಸಿತು. ಅಲ್ಲಿಯವರೆಗೆ ತಡೆದುಕೊಂಡಿದ್ದಳು.

ಊಟದ ಮನೆ ಕೆಲವು ವಾರ ಮುಚ್ಚಿತ್ತು. ಆಮೇಲೆ ಒಂದು ಶನಿವಾರ ಅವಳೇ ಬೀಗ ತೆಗೆದಳು. ತೆಗೆಯದಿದ್ದರೆ ಅಕ್ಕ ಬೈಯುತ್ತಾಳೆ ಎಂದುಕೊಂಡಳಂತೆ. ಕೋಳಿಗೆ ಮಸಾಲೆ ಸವರಿದಳು. ನೀರಿಗೆ ಮರೆಯದೆ ಉಪ್ಪು ಹಾಕಿ ಕುಸ್ಕುಸ್ ಅರಳಿಸಿದಳು, ಹಣ್ಣು ಹೆಚ್ಚಿ ಬೆರೆಸಿದಳು. ಗಿರಾಕಿಗಳು ಬಂದು ಕೂತರು. ಸ್ಟೂಲನ್ನು ಯಾರೂ ಸರಿಸಿರಲಿಲ್ಲ.

ಕೋಳಿ ಹದಕ್ಕೆ ಬಂದಾಗ ಅವಳು ಬಟ್ಟಲಿಗೆ ಒಂದಿಷ್ಟು ಹಾಕಿಕೊಂಡಳು. ಸಿಲಿಂಡರುಗಳ ಮರೆಗೆ ಹೋಗಲಿಲ್ಲ, ಹೋಗುವ ಅಗತ್ಯ ಇನ್ನಿರಲಿಲ್ಲ. ಅರ್ಧ ಬಾಗಿಲ ಬಳಿ ಬಂದು, ಸ್ಟೂಲಿನ ಎದುರು ನಿಂತು, ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಅಕ್ಕನ ಚಮಚದಿಂದ ರುಚಿ ನೋಡಿದಳು. ಉಪ್ಪು ಸರಿಯಿತ್ತು. ಹುಳಿ ಸರಿಯಿತ್ತು. ಸುಳ್ಳಲ್ಲ, ನಿಜವಾಗಿಯೂ ಎಲ್ಲವೂ ಸರಿಯಿತ್ತು. ಇನ್ನು ಒಂದು ಮಾತು ಹೇಳಿಕೊಂಡರೆ ಆಯಿತು. ಆದರೆ ಅದು ಅಕ್ಕನ ಮಾತು. ಒಳಗೆ ಒಲೆ ಉರಿಯುತ್ತಲೇ ಇತ್ತು, ಅವಳು ಖಾಲಿ ಸ್ಟೂಲಿನ ಮುಂದೆ ಚಮಚ ಹಿಡಿದು ನಿಂತೇ ಇದ್ದಳು.

"ಚಿಕ್ಕಮ್ಮಾ," ಎಂದ ಪಂಚರ್ ಅಂಗಡಿಯವನು. "ಏನೋ ಸೀಯೋ ವಾಸನೆ."

"ಗೊತ್ತು," ಎಂದಳು. ಅಲುಗಾಡಲಿಲ್ಲ.

ಅವನು ಎದ್ದು ಒಳಗೆ ಹೋದ. ಗ್ಯಾಸಿನ ನಾಬ್ ಯಾವ ಕಡೆ ತಿರುಗಿಸಬೇಕೆಂದು ಗೊತ್ತಾಗದೆ ತಡಕಾಡಿ, ಬಟ್ಟೆಯಿಂದ ಪಾತ್ರೆಯ ಕಿವಿ ಹಿಡಿದು, ಹೊಗೆಯ ನಡುವಿನಿಂದ ಅವಳ ಕಡೆ ನೋಡಿದ.

"ಇಳಿಸ್ಲಾ ಚಿಕ್ಕಮ್ಮಾ?"

ಅವಳು ಸ್ಟೂಲಿಗೆ ಹಣೆಯೊತ್ತಿ, ಊಟಕ್ಕೆ ಕೂತ ಅಷ್ಟೂ ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಅವತ್ತು ಎಲ್ಲರೂ ತಳ ಹಿಡಿದ ಕೋಳಿಯನ್ನೇ ತಿಂದರು. ಯಾರೂ ಉಪ್ಪು ಕೇಳಲಿಲ್ಲ.